ಬಾಟ್ ಕೂಗುವ ಮುನ್ನ: ಆನ್‌ಲೈನ್ ಹರಾಜಿಗೆ 11 ಸೂತ್ರಗಳು

ಹರಾಜಿನಲ್ಲಿ ನಿಮ್ಮ ಪರವಾಗಿ ಕೂಗುವ ಸಾಫ್ಟ್‌ವೇರಿಗೆ ನಿದ್ದೆಯಿಲ್ಲ, ಸಂಕೋಚವಿಲ್ಲ, ಪಕ್ಕದವನ ಮೇಲೆ ಹಟವೂ ಇಲ್ಲ. ಇಷ್ಟೆಲ್ಲ ಸದ್ಗುಣಗಳಿದ್ದೂ ಅದು ನಿಮ್ಮ ಜೇಬು ಖಾಲಿ ಮಾಡಬಲ್ಲದು, ಏಕೆಂದರೆ ಅದಕ್ಕೆ ಬುದ್ಧಿ ಹೇಳಿ ಕಳಿಸಿದವರು ನೀವು. ಇ-ಬೇಯಲ್ಲಿ ಹಳೆ ನಾಣ್ಯ ಹುಡುಕುವ ಹವ್ಯಾಸಿ, ಗೂಗಲ್‌ನಲ್ಲಿ ಜಾಹೀರಾತು ಹಾಕುವ ಹೋಮ್‌ಸ್ಟೇ ಮಾಲೀಕ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಾಟ್ ಬರೆಯುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿ, ಮೂವರಿಗೂ ಉಪಯೋಗಕ್ಕೆ ಬರುವ ಸೂತ್ರಗಳು ಇಲ್ಲಿವೆ. ಮೊದಲ ಎರಡನ್ನು ಹಾರಿಸಿ ಸೀದಾ ತಂತ್ರಗಳಿಗೆ ಕೈಹಾಕುವವರೇ ಜಾಸ್ತಿ. ಹಾಗೆ ಮಾಡಬೇಡಿ.

1. ಕೋಡ್ ಆಮೇಲೆ, ನಿಯಮ ಮೊದಲು

ಮೂರು ಪ್ರಶ್ನೆ ಕೇಳಿಕೊಳ್ಳಿ. ಗೆದ್ದವರು ತೆರಬೇಕಾದದ್ದು ತಾವು ಹೇಳಿದ ಬೆಲೆಯನ್ನೋ, ಎರಡನೆಯವರ ಬೆಲೆಯನ್ನೋ? ಬೇರೆಯವರ ಬೆಲೆ ನಿಮಗೆ ಕಾಣುತ್ತದೋ ಇಲ್ಲವೋ? ಹರಾಜು ಗಡಿಯಾರ ನೋಡಿ ಮುಗಿಯುತ್ತದೋ, ಕೂಗು ನಿಂತ ಮೇಲೆ ಮುಗಿಯುತ್ತದೋ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೇ ನೋಡಿ. ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಬಂದ ಮೇಲೆ ಅಲ್ಲಿ ಲಾಟ್‌ವಾರು ಇ-ಟೆಂಡರ್ ನಡೆಯುತ್ತದೆ. ಖರೀದಿದಾರ ತನಗೆ ಬೇಕಾದ ಲಾಟಿಗೆ ದರ ನಮೂದಿಸುತ್ತಾನೆ. ಸಮಯ ಮುಗಿಯುವವರೆಗೆ ಪಕ್ಕದವನ ದರ ಕಾಣದು. ಹೆಚ್ಚು ಬರೆದವನಿಗೆ ಮಾಲು, ಬರೆದಷ್ಟೂ ಹಣ. ಇಂಥ ಕಡೆ ಮಾಲಿನ ಪೂರ್ತಿ ಬೆಲೆಯನ್ನು ಬರೆದುಬಿಟ್ಟರೆ ಗೆದ್ದರೂ ಉಳಿಯುವುದು ಸೊನ್ನೆ. ತುಸು ತಗ್ಗಿಸಿ ಬರೆಯಬೇಕು. ಎಷ್ಟು ತಗ್ಗಿಸಬೇಕು ಎನ್ನುವುದೇ ಅಲ್ಲಿನ ವ್ಯಾಪಾರಿಯ ಇಡೀ ವಿದ್ಯೆ. ಇ-ಬೇಯಲ್ಲಿ ಅದೇ ವಿದ್ಯೆ ದಂಡ: ಅಲ್ಲಿ ಗೆದ್ದವರು ತೆರುವುದು ಎರಡನೆಯವರ ಬೆಲೆಗಿಂತ ಒಂದೇ ಮೆಟ್ಟಿಲು ಹೆಚ್ಚು. ಹೀಗಾಗಿ ತಗ್ಗಿಸಿ ಬರೆದರೆ ಹಣ ಉಳಿಯುವುದಿಲ್ಲ, ವಸ್ತು ಕೈತಪ್ಪುತ್ತದೆ ಅಷ್ಟೆ.

ಆಟದ ನಡುವೆ ನಿಯಮವೇ ಬದಲಾಗುವುದೂ ಉಂಟು. 2019ರಲ್ಲಿ ಗೂಗಲ್, ಜಾಲತಾಣಗಳ ಜಾಹೀರಾತು ಜಾಗ ಮಾರುವ ತನ್ನ ಆ್ಯಡ್ ಮ್ಯಾನೇಜರ್ ಹರಾಜನ್ನು ಎರಡನೇ ಬೆಲೆಯ ಪದ್ಧತಿಯಿಂದ ಮೊದಲ ಬೆಲೆಯ ಪದ್ಧತಿಗೆ ಹೊರಳಿಸಿತು. ಹಳೆಯ ಬಾಟನ್ನು ಮುಟ್ಟದೆ ಹಾಗೇ ಬಿಟ್ಟರೆ ಪ್ರತಿ ಗೆಲುವೂ ದುಬಾರಿ. ಹರಾಜು ನಡೆಸುವವರು ಕಳಿಸುವ ಬೇಸರದ ಇಮೇಲ್‌ಗಳನ್ನು ಓದುವ ಅಭ್ಯಾಸ ಇಟ್ಟುಕೊಳ್ಳಿ.

2. ಗರಿಷ್ಠ ಬೆಲೆಯನ್ನು ಹರಾಜು ಶುರುವಾಗುವ ಮೊದಲೇ ಬರೆದಿಡಿ

‘ಇಷ್ಟಕ್ಕೆ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಇದರ ಮೇಲೆ ಒಂದು ರೂಪಾಯಿ ಕೊಟ್ಟರೂ ಹೊಟ್ಟೆ ಉರಿಯುತ್ತದೆ’ ಎನಿಸುವ ಅಂಕಿಯೇ ನಿಮ್ಮ ಗರಿಷ್ಠ ಬೆಲೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿಕೊಟ್ಟಂತೆ, ಎರಡನೇ ಬೆಲೆಯ ಹರಾಜಿನಲ್ಲಿ ಈ ಅಂಕಿಯನ್ನು ಇದ್ದ ಹಾಗೇ ಹೇಳುವುದಕ್ಕಿಂತ ಒಳ್ಳೆಯ ತಂತ್ರವಿಲ್ಲ. ಉಳಿದ ಚಾಲಾಕಿತನವೆಲ್ಲ ಅಲ್ಲಿ ದಂಡಕ್ಕೆ.

ಅಂಕಿ ಎಲ್ಲಿಂದ ಬರಬೇಕು? ಆಸೆಯಿಂದಲ್ಲ, ಲೆಕ್ಕದಿಂದ. ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದಕ್ಕೆ ಪ್ರತಿ ಬುಕಿಂಗ್‌ನಿಂದ ಖರ್ಚು ಕಳೆದು ₹1,200 ಉಳಿಯುತ್ತದೆ ಎನ್ನಿ. ಜಾಹೀರಾತು ಒತ್ತಿ ಬಂದ 40 ಮಂದಿಯಲ್ಲಿ ಒಬ್ಬರು ರೂಮು ಹಿಡಿಯುತ್ತಾರೆ. ಅಂದರೆ ಒಂದು ಕ್ಲಿಕ್ಕಿಗೆ ₹30 ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅರ್ಧ ಲಾಭ ಕೈಯಲ್ಲಿ ಉಳಿಯಬೇಕೆಂದರೆ ₹15. ಪಕ್ಕದ ರೆಸಾರ್ಟಿನವರು ₹60 ಕೊಡುತ್ತಿದ್ದರೆ ಕೊಡಲಿ. ಅವರ ರೂಮಿನ ಬಾಡಿಗೆ ಬೇರೆ, ಅವರ ಲೆಕ್ಕ ಬೇರೆ. ಹೊರದೇಶದಿಂದ ವಸ್ತು ತರಿಸುವವರು ಸಾಗಣೆ ವೆಚ್ಚ, ಕಸ್ಟಮ್ಸ್ ಸುಂಕ, ಕಾರ್ಡಿನವರ ಕಮಿಷನ್ ಮೂರನ್ನೂ ಕಳೆದ ಮೇಲಷ್ಟೇ ಬಾಟಿಗೆ ಅಂಕಿ ಕೊಡಬೇಕು.

3. ದುಂಡು ಸಂಖ್ಯೆ ಬೇಡ

ಇ-ಬೇಯಲ್ಲಿ ನೀವು ಗರಿಷ್ಠ 150 ಡಾಲರ್ ಎಂದು ಹೇಳಿ, ಇನ್ನೊಬ್ಬರ ಗರಿಷ್ಠ 120 ಆಗಿದ್ದರೆ ನಿಮಗೆ ವಸ್ತು 122.50ಕ್ಕೆ ಸಿಗುತ್ತದೆ. ಆ ಮಟ್ಟದಲ್ಲಿ ಮೆಟ್ಟಿಲು ಎರಡೂವರೆ ಡಾಲರ್. ಇಬ್ಬರೂ 150 ಎಂದೇ ಬರೆದಿದ್ದರೆ ಮೊದಲು ಬರೆದವರಿಗೆ. ಜನ 100, 150, 200 ಎಂದು ಬರೆಯುವುದೇ ಹೆಚ್ಚು. 150.37 ಎಂದು ಬರೆದಿಡಿ. 37 ಸೆಂಟಿಗೆ ಹರಾಜು ಗೆದ್ದವರಿದ್ದಾರೆ.

4. ಕೊನೆಯ ಕ್ಷಣದ ಬಿಡ್: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಹರಾಜು ಮುಗಿಯಲು ಐದಾರು ಸೆಕೆಂಡ್ ಇರುವಾಗ ಬಿಡ್ ಹಾಕಿ ವಸ್ತು ಎತ್ತಿಕೊಂಡು ಹೋಗುವುದನ್ನು ಸ್ನೈಪಿಂಗ್ ಎನ್ನುತ್ತಾರೆ. ಇದಕ್ಕೆಂದೇ ಸಾಫ್ಟ್‌ವೇರುಗಳಿವೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಇ-ಬೇಯಲ್ಲಿ ಗಡಿಯಾರ ಕಟ್ಟುನಿಟ್ಟು. ಅಮೆಜಾನಿನಲ್ಲಿ ಕೊನೆಯ ಹತ್ತು ನಿಮಿಷದೊಳಗೆ ಯಾರಾದರೂ ಕೂಗಿದರೆ ಹರಾಜು ಇನ್ನೂ ಹತ್ತು ನಿಮಿಷ ಮುಂದಕ್ಕೆ. ಕೊನೆಯ ಕ್ಷಣದ ಕೂಗು ಇ-ಬೇಯಲ್ಲೇ ಬಹಳ ಹೆಚ್ಚಾಗಿತ್ತು. ಅಲ್ಲೂ ಕಂಪ್ಯೂಟರುಗಳಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ಇನ್ನೂ ಹೆಚ್ಚು. ಕಾರಣ ಸರಳ. ಬೆಲೆ ಬಲ್ಲ ಜಾಣ ಮೊದಲೇ ಬಾಯಿ ಬಿಟ್ಟರೆ, ‘ಅವನೇ ಕೂಗುತ್ತಿದ್ದಾನೆಂದರೆ ಇದು ಅಸಲಿ ಮಾಲೇ ಇರಬೇಕು’ ಎಂದು ಉಳಿದವರೂ ನುಗ್ಗುತ್ತಾರೆ.

ಸ್ನೈಪಿಂಗ್‌ಗೆ ಅಪಾಯವೂ ಇದೆ. ನೆಟ್‌ವರ್ಕ್ ಎರಡು ಸೆಕೆಂಡ್ ತಡವಾದರೆ ನಿಮ್ಮ ಬಿಡ್ ತಲುಪುವುದೇ ಇಲ್ಲ. ನಮ್ಮ ಅನೇಕ ಸರ್ಕಾರಿ ಇ-ಹರಾಜುಗಳಲ್ಲಿ ಕೊನೆಯ ನಿಮಿಷಗಳಲ್ಲಿ ಬಿಡ್ ಬಿದ್ದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ಏರ್ಪಾಡಿದೆ. ಅಲ್ಲಿ ಸ್ನೈಪಿಂಗ್ ಬಾಟ್ ಹಚ್ಚಿ ಕೂತವರಿಗೆ ಸಿಗುವುದು ಕಾಯುವ ಅನುಭವ ಮಾತ್ರ.

5. ನಿಮ್ಮ ತಂತ್ರವನ್ನು ಎಲ್ಲರೂ ಹಿಡಿದರೆ ಏನಾದೀತು, ಯೋಚಿಸಿ

ಹರಾಜು ಬಾಟ್‌ಗಳಿಗೆ ತಮ್ಮದೇ ಪಂದ್ಯಾವಳಿ ಇತ್ತು: ಟ್ರೇಡಿಂಗ್ ಏಜೆಂಟ್ ಕಾಂಪಿಟಿಷನ್. ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ವೆಲ್‌ಮನ್ ತಂಡ ಕಟ್ಟಿದ ಆಟವಿದು. ಮೊದಲ ಪಂದ್ಯ 2000ದ ಜುಲೈಯಲ್ಲಿ ಬಾಸ್ಟನ್‌ನಲ್ಲಿ ನಡೆಯಿತು. ಎಂಟು ಬಾಟ್‌ಗಳು ಎಂಟು ಟ್ರಾವೆಲ್ ಏಜೆನ್ಸಿಗಳು. ಪ್ರತಿಯೊಂದಕ್ಕೂ ಎಂಟೆಂಟು ಗಿರಾಕಿಗಳು. ಅವರಿಗೆ ವಿಮಾನ ಟಿಕೆಟ್, ಹೋಟೆಲ್ ರೂಮು, ಮನರಂಜನೆಯ ಟಿಕೆಟ್ ಹೊಂದಿಸಿಕೊಡಬೇಕು. ಒಂದು ಹೋಟೆಲಿನಲ್ಲಿ ಒಂದು ರಾತ್ರಿಗೆ 16 ರೂಮು. ಹೆಚ್ಚು ಕೂಗಿದ 16 ಬಿಡ್‌ಗಳಿಗೆ ರೂಮು, ದರ ಮಾತ್ರ ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆಯದು.

2001ರ ಫೈನಲ್ ನೋಡುವಂತಿತ್ತು. ಎಟಿ ಅಂಡ್ ಟಿ ಲ್ಯಾಬ್ಸ್‌ನ ಪೀಟರ್ ಸ್ಟೋನ್ ಮತ್ತು ಸಂಗಡಿಗರ ‘ಆಟ್ಯಾಕ್’ ಹಿಂದಿನ ಆಟಗಳ ಬೆಲೆಗಳನ್ನು ಕಲಿತು, ಪ್ರತಿ ನಿಮಿಷಕ್ಕೂ ಹೊಸ ಅಂದಾಜು ಹಾಕುತ್ತಿತ್ತು. ಅದರ ಎದುರಾಳಿ ಜರ್ಮನಿಯ ಲಿವಿಂಗ್ ಸಿಸ್ಟಮ್ಸ್ ಕಂಪನಿಯ ‘ಲಿವಿಂಗ್ ಏಜೆಂಟ್ಸ್’. ಇದು ಮಾಡಿದ್ದಿಷ್ಟೆ: ಹಳೆಯ ಆಟಗಳ ಸರಾಸರಿ ಬೆಲೆ ನೋಡಿ ಮೊದಲೇ ಪ್ರವಾಸದ ಯೋಜನೆ ಹಾಕಿತು, ಅದಕ್ಕೆ ಬೇಕಾದ ವಿಮಾನ ಟಿಕೆಟ್ ಕೊಂಡಿತು, ಬೇಕಾದ ಪ್ರತಿ ರೂಮಿಗೂ 1,001 ಎಂದು ಬಿಡ್ ಬರೆಯಿತು, ಆಮೇಲೆ ಹೋಟೆಲುಗಳ ಕಡೆ ತಲೆ ಹಾಕಲಿಲ್ಲ. ಗೆದ್ದದ್ದು ಇದೇ! ‘ಆಟ್ಯಾಕ್’ ಕೂದಲೆಳೆಯ ಅಂತರದಲ್ಲಿ ಎರಡನೆಯದಾಯಿತು.

ಹುಚ್ಚಾಟದಂತೆ ಕಾಣುವ 1,001 ಹೇಗೆ ಕೆಲಸ ಮಾಡಿತು? ರೂಮಿನ ದರ ನಿರ್ಧಾರವಾಗುತ್ತಿದ್ದುದು ಉಳಿದ ಏಳು ಬಾಟ್‌ಗಳ ವಿವೇಕದಿಂದ. ಬೆಲೆ ಏರಿದಾಗ ಅವು ಹಿಂದೆ ಸರಿಯುತ್ತಿದ್ದವು, ಇದು ಆ ತಗ್ಗಿದ ದರದಲ್ಲಿ ಆರಾಮಾಗಿ ರೂಮು ಹಿಡಿಯುತ್ತಿತ್ತು. ಎಲ್ಲ ಎಂಟೂ ಬಾಟ್‌ಗಳು 1,001 ಎಂದು ಬರೆದಿದ್ದರೆ? ಬೇಡಿಕೆಯ ರಾತ್ರಿಗಳಲ್ಲಿ ಪ್ರತಿ ರೂಮಿಗೂ ನಿಜವಾಗಿಯೇ ಸಾವಿರದೊಂದು ತೆತ್ತು ಎಂಟೂ ದಿವಾಳಿ.

ಇದೇ ಪಾಠ ಇನ್ನೂ ಹಿಂದೆ, 1990ರಲ್ಲಿ, ಸಾಂಟಾ ಫೆ ಇನ್‌ಸ್ಟಿಟ್ಯೂಟ್ ಕೊಳ್ಳುವವರಿಗೂ ಮಾರುವವರಿಗೂ ಪ್ರೋಗ್ರಾಂ ಬರೆಸಿ ಪಂದ್ಯ ನಡೆಸಿದಾಗಲೂ ಕಂಡಿತ್ತು. ಗೆದ್ದದ್ದು ಟಾಡ್ ಕ್ಯಾಪ್ಲನ್ ಅವರ ಪುಟ್ಟ ಪ್ರೋಗ್ರಾಂ. ಅದು ಹಿಂದೆ ಕೂತು, ಬೇರೆಯವರು ಜಗ್ಗಾಡಿ ಬೆಲೆಗಳನ್ನು ಹತ್ತಿರ ತರುವವರೆಗೆ ಸುಮ್ಮನಿದ್ದು, ಕೊನೆಗೆ ವ್ಯವಹಾರವನ್ನು ಬಾಚಿಕೊಳ್ಳುತ್ತಿತ್ತು. ಪಂಕ್ತಿಯಲ್ಲಿ ಎಲ್ಲರೂ ಉಣ್ಣುವವರೇ ಆಗಿ ಬಡಿಸುವವರೇ ಇಲ್ಲದಿದ್ದರೆ ಎಲೆ ಖಾಲಿ. ಎಲ್ಲ ಬಾಟ್‌ಗಳೂ ಕ್ಯಾಪ್ಲನ್ ಬಾಟ್‌ಗಳಾದ ಪೇಟೆಯಲ್ಲೂ ಹಾಗೇ ಯಾರೂ ಮೊದಲು ಬೆಲೆ ಹೇಳುವುದಿಲ್ಲ. ಎದುರಾಳಿಗಳು ಯಾರು, ಎಷ್ಟು ಮಂದಿ ನಿಮ್ಮ ಹಾಗೇ ಆಡುತ್ತಿದ್ದಾರೆ ಎಂದು ತಿಂಗಳಿಗೊಮ್ಮೆಯಾದರೂ ಲಾಗ್ ತೆಗೆದು ನೋಡಿ.

6. ಜೊತೆಯಲ್ಲಿದ್ದರೆ ಮಾತ್ರ ಬೆಲೆಯಿರುವ ವಸ್ತುಗಳಿಗೆ ಒಟ್ಟಿಗೆ ಲೆಕ್ಕ ಹಾಕಿ

ಮೇಲಿನ ಆಟದಲ್ಲಿ ನಾಲ್ಕು ರಾತ್ರಿಯ ಪ್ರವಾಸಕ್ಕೆ ಮೂರೇ ರಾತ್ರಿ ರೂಮು ಸಿಕ್ಕರೆ ಪ್ರವಾಸವೇ ಇಲ್ಲ. ಹಾಗಾಗಿ ನಾಲ್ಕನೇ ರಾತ್ರಿಯ ರೂಮಿಗೆ ಅದರದೇ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡಲು ಬಾಟ್ ಸಿದ್ಧವಿರಬೇಕು, ಮೊದಲನೆಯದಕ್ಕೆ ಎಚ್ಚರದಿಂದಿರಬೇಕು. ‘ಈಗಾಗಲೇ ಕೈಯಲ್ಲಿರುವುದರ ಜೊತೆ ಇದೊಂದು ಸೇರಿದರೆ ಎಷ್ಟು ಹೆಚ್ಚು?’ ಎಂಬ ಪ್ರಶ್ನೆಯನ್ನು ಪ್ರತಿ ಬಿಡ್‌ಗೂ ಮೊದಲು ಹೊಸದಾಗಿ ಕೇಳುವಂತೆ ಕೋಡ್ ಬರೆಯಿರಿ. ಅಂಚೆಚೀಟಿಯ ಸೆಟ್ ಕೂಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

7. ಸುಲಭವಾಗಿ ಗೆದ್ದರೆ ಅನುಮಾನಪಡಿ

ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಬಾವಿಗಳ ಗುತ್ತಿಗೆ ಹಿಡಿದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲ ಎಂದು ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು 1971ರಲ್ಲಿ ವಿವರಿಸಿದರು. ನೆಲದಡಿ ಇರುವ ಎಣ್ಣೆ ಎಲ್ಲರಿಗೂ ಒಂದೇ. ಅಂದಾಜು ಮಾತ್ರ ಬೇರೆ ಬೇರೆ. ಎಲ್ಲರಿಗಿಂತ ಹೆಚ್ಚು ಕೂಗಿದವನೆಂದರೆ ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವನೇ, ಬಹುಪಾಲು ತಪ್ಪಾಗಿ. ಮರುಮಾರಾಟಕ್ಕೆಂದು ಹಳೆ ಲ್ಯಾಪ್‌ಟಾಪ್, ಗುಜರಿ, ಬ್ಯಾಂಕ್ ಜಪ್ತಿ ಮಾಡಿದ ವಾಹನ ಕೊಳ್ಳುವವರ ಪಾಡೂ ಇದೇ. ಎದುರು ಹತ್ತು ಮಂದಿ ಇದ್ದಾಗ ಇಬ್ಬರಿದ್ದಾಗಿನದಕ್ಕಿಂತ ಹೆಚ್ಚು ತಗ್ಗಿಸಬೇಕು. ಜನ ಹೆಚ್ಚಾದಷ್ಟೂ ಬಾಟ್ ಬಿಗಿಯಾಗಬೇಕು. ಮನುಷ್ಯರು ಮಾಡುವುದು ಅದಕ್ಕೆ ಉಲ್ಟಾ. ಮನೆಯ ಗೋಡೆಗೆ ತೂಗುಹಾಕಲು ಚಿತ್ರ ಕೊಳ್ಳುತ್ತಿದ್ದರೆ ಈ ಸೂತ್ರ ನಿಮಗಲ್ಲ.

8. ಏಜೆಂಟ್ ಯಾರ ಮನೆಯ ಉಪ್ಪು ತಿನ್ನುತ್ತಾನೆ?

1797ರಲ್ಲಿ ಜರ್ಮನ್ ಕವಿ ಗಯಟೆ ತನ್ನ ಕಾವ್ಯವೊಂದನ್ನು ಪ್ರಕಾಶಕನಿಗೆ ಮಾರಲು ಒಂದು ಉಪಾಯ ಹೂಡಿದ. ತನಗೆ ಬೇಕಾದ ಬೆಲೆಯನ್ನು, ಅಂದರೆ 1,000 ಟಾಲರ್, ಚೀಟಿಯಲ್ಲಿ ಬರೆದು ಮೊಹರು ಮಾಡಿ ಮಧ್ಯವರ್ತಿಯ ಕೈಗಿಟ್ಟ. ಪ್ರಕಾಶಕ ಅದಕ್ಕಿಂತ ಕಡಿಮೆ ಹೇಳಿದರೆ ವ್ಯವಹಾರ ಇಲ್ಲ. ಹೆಚ್ಚು ಹೇಳಿದರೂ ಕೊಡಬೇಕಾದದ್ದು ಚೀಟಿಯಲ್ಲಿದ್ದಷ್ಟೇ. ಪ್ರಕಾಶಕನಿಗೆ ತನ್ನ ಕಾವ್ಯ ನಿಜಕ್ಕೂ ಎಷ್ಟು ಬೆಲೆಯದೆಂದು ಕವಿಗೆ ತಿಳಿಯಬೇಕಿತ್ತು. ಪ್ರಕಾಶಕ ಹೇಳಿದ ಬೆಲೆ ಸರಿಯಾಗಿ 1,000! ಮಧ್ಯವರ್ತಿ ಗುಟ್ಟು ಬಿಟ್ಟುಕೊಟ್ಟಿದ್ದ ಎಂಬುದು ಈ ಪ್ರಸಂಗವನ್ನು ಕೆದಕಿದ ಅರ್ಥಶಾಸ್ತ್ರಜ್ಞರ ತೀರ್ಮಾನ.

ಈಗ ನಿಮ್ಮ ವಿಷಯಕ್ಕೆ ಬನ್ನಿ. ಗೂಗಲ್ ಆ್ಯಡ್ಸ್‌ನಲ್ಲಿ ‘ಸ್ಮಾರ್ಟ್ ಬಿಡ್ಡಿಂಗ್’ ಒತ್ತಿದರೆ ಪ್ರತಿ ಹುಡುಕಾಟಕ್ಕೂ ನಿಮ್ಮ ಪರ ಬಿಡ್ ಹಾಕುವುದು ಗೂಗಲ್, ಹರಾಜು ನಡೆಸುವುದೂ ಗೂಗಲ್, ಹಣ ಎಣಿಸಿಕೊಳ್ಳುವುದೂ ಗೂಗಲ್. 2025ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಲಯ, ಜಾಲತಾಣಗಳ ಜಾಹೀರಾತು ಜಾಗ ಮಾರುವ ತಂತ್ರಾಂಶ ಮತ್ತು ಅದರ ವಿನಿಮಯ ಕೇಂದ್ರ ಎರಡರಲ್ಲೂ ಈ ಕಂಪನಿ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತದ್ದು ಇಲ್ಲಿ ನೆನಪಿರಲಿ. ಸ್ಮಾರ್ಟ್ ಬಿಡ್ಡಿಂಗ್ ಬಳಸಲೇಬೇಡಿ ಎನ್ನುತ್ತಿಲ್ಲ. ಸಾವಿರಾರು ಹುಡುಕಾಟಗಳಿಗೆ ಕೈಯಲ್ಲಿ ಬೆಲೆ ಬರೆಯುವುದು ಆಗದ ಮಾತು. ಆದರೆ ಅದರ ಮೇಲೆ ನಿಮ್ಮದೇ ಲೆಕ್ಕದ ಪುಸ್ತಕ ಇರಲಿ. ಡ್ಯಾಶ್‌ಬೋರ್ಡ್ ತೋರಿಸುವ ಬುಕಿಂಗ್‌ಗೂ ರಿಜಿಸ್ಟರಿನ ಬುಕಿಂಗ್‌ಗೂ ವಾರಕ್ಕೊಮ್ಮೆ ತಾಳೆ ನೋಡಿ. ಸ್ನೈಪಿಂಗ್ ಸೇವೆಗಳಿಗೆ ಖಾತೆಯ ಪಾಸ್‌ವರ್ಡ್ ಕೊಡುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಿ.

9. ಬಾಟ್ ಏನನ್ನು ಗೆಲುವೆಂದು ಎಣಿಸುತ್ತಿದೆ, ನೋಡಿ

ಹೋಮ್‌ಸ್ಟೇ ಮಾಲೀಕ ‘ಸಂಪರ್ಕ ಪುಟ ತೆರೆದರೆ ಯಶಸ್ಸು’ ಎಂದು ಗುರುತು ಹಾಕಿದ ಎನ್ನಿ. ಬಾಟ್ ಶ್ರದ್ಧೆಯಿಂದ ಸಂಪರ್ಕ ಪುಟ ತೆರೆಯುವವರನ್ನೇ ಹುಡುಕಿ ತರುತ್ತದೆ: ಕೆಲಸ ಕೇಳುವವರು, ಸೋಲಾರ್ ಹೀಟರ್ ಮಾರುವವರು, ದಾರಿ ತಪ್ಪಿದವರು. ಗ್ರಾಫ್ ಮೇಲೇರುತ್ತದೆ, ರೂಮುಗಳು ಖಾಲಿ ಇರುತ್ತವೆ. ಹಣ ಕಟ್ಟಿದ ಬುಕಿಂಗನ್ನು ಮಾತ್ರ ಎಣಿಸಿ. ಫೋನಿನಲ್ಲಿ ಬರುವ ಬುಕಿಂಗ್‌ಗಳು ಎಣಿಕೆಗೆ ಬರುತ್ತಿವೆಯೇ ನೋಡಿ, ನಮ್ಮ ಕಡೆ ಅವೇ ಹೆಚ್ಚು.

10. ಮೇಲೊಂದು ಮಿತಿ, ಕೈಗೆಟುಕುವಂತೆ ಒಂದು ಸ್ವಿಚ್

ಇದು ಹರಾಜಿನ ಕಥೆಯಲ್ಲ, ಆದರೂ ಹರಾಜು ಬಾಟ್ ಬರೆಯುವ ಪ್ರತಿಯೊಬ್ಬರೂ ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. 2011ರಲ್ಲಿ ಬರ್ಕ್ಲಿಯ ಜೀವಶಾಸ್ತ್ರಜ್ಞ ಮೈಕೆಲ್ ಐಸನ್ ಕಣ್ಣಿಗೆ ಅಮೆಜಾನಿನಲ್ಲಿ ವಿಚಿತ್ರವೊಂದು ಬಿತ್ತು. ನೊಣದ ಬೆಳವಣಿಗೆ ಕುರಿತ ‘ದಿ ಮೇಕಿಂಗ್ ಆಫ್ ಎ ಫ್ಲೈ’ ಎಂಬ ಹಳೆಯ ಪುಸ್ತಕಕ್ಕೆ ಇಬ್ಬರು ಮಾರಾಟಗಾರರು ಲಕ್ಷಾಂತರ ಡಾಲರ್ ಬೆಲೆ ಕಟ್ಟಿದ್ದರು. ಒಬ್ಬನ ಪ್ರೋಗ್ರಾಂ ತನ್ನ ಬೆಲೆಯನ್ನು ಎದುರಾಳಿಯ 0.9983 ಪಟ್ಟಿಗೆ ಇಡುತ್ತಿತ್ತು, ಸ್ವಲ್ಪವೇ ಅಗ್ಗ ಇರಲೆಂದು. ಇನ್ನೊಬ್ಬನದು ಮೊದಲನೆಯವನ 1.270589 ಪಟ್ಟಿಗೆ. ಇವನ ಕೈಯಲ್ಲಿ ಪುಸ್ತಕವೇ ಇಲ್ಲ, ಆರ್ಡರ್ ಬಂದರೆ ಮೊದಲನೆಯವನಿಂದ ಕೊಂಡು ಕಳಿಸುವ ಲೆಕ್ಕ ಇರಬಹುದು ಎಂದು ಐಸನ್ ಊಹಿಸಿದರು. ಎರಡು ಸಂಖ್ಯೆಗಳನ್ನು ಗುಣಿಸಿ: ಒಂದಕ್ಕಿಂತ ಹೆಚ್ಚು. ಅಂದಮೇಲೆ ಪ್ರತಿ ಸುತ್ತಿಗೂ ಬೆಲೆ ಕಾಲು ಪಾಲಿಗಿಂತ ಹೆಚ್ಚು ಏರಲೇಬೇಕು. ಏರುತ್ತ ಏರುತ್ತ 2,36,98,655 ಡಾಲರ್ 93 ಸೆಂಟ್ ಮುಟ್ಟಿತು. ಇಬ್ಬರಲ್ಲಿ ಒಬ್ಬನಾದರೂ ‘200 ಡಾಲರ್ ದಾಟಿದರೆ ನನ್ನನ್ನು ಕೇಳು’ ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಅದು ನಗುವ ಕಥೆ. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಕಂಪನಿಯ ಸರ್ವರಿನಲ್ಲಿ ಉಳಿದುಹೋಗಿದ್ದ ಹಳೆಯ ಕೋಡ್ ಎಚ್ಚೆತ್ತು, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ ಮಾಡಿದ್ದು ನಗುವಂಥದ್ದಲ್ಲ. ಒಂದು ಬಿಡ್‌ಗೆ ಮಿತಿ, ಒಂದು ದಿನಕ್ಕೆ ಮಿತಿ, ಒಂದು ಗಂಟೆಯಲ್ಲಿ ಎಷ್ಟು ಬಿಡ್ ಎಂಬುದಕ್ಕೆ ಮಿತಿ, ಮೂರೂ ಇರಲಿ. ಮಿತಿಗಳು ಬಾಟ್‌ನ ಕೋಡಿನ ಹೊರಗಿರಲಿ. ಕೆಟ್ಟ ಬಾಟ್ ತನ್ನ ಮಿತಿಯನ್ನು ತಾನೇ ಮರೆಯಬಹುದು. ನಿಲ್ಲಿಸುವ ಸ್ವಿಚ್ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.

11. ಕಾನೂನಿನ ಎದುರು ‘ಯಂತ್ರ ಮಾಡಿತು’ ನಡೆಯುವುದಿಲ್ಲ

ಜಾಲತಾಣದವರು ಬಾಟ್ ಬಿಡಲು ಒಪ್ಪುತ್ತಾರೆಯೇ ಎಂಬುದನ್ನು ಮೊದಲು ನೋಡಿ. ಹಲವು ಹರಾಜು ತಾಣಗಳ ಮಾಹಿತಿಯನ್ನು ಒಂದೆಡೆ ತೋರಿಸುತ್ತಿದ್ದ ಬಿಡರ್ಸ್ ಎಡ್ಜ್ ಕಂಪನಿಯ ಸಾಫ್ಟ್‌ವೇರ್ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇ-ಬೇ ಬಾಗಿಲು ತಟ್ಟುತ್ತಿತ್ತು. 2000ದಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅದಕ್ಕೆ ತಡೆ ಹಾಕಿತು.

ನಿಮ್ಮದೇ ವಸ್ತುವಿಗೆ ಬೇರೆ ಹೆಸರಿನಲ್ಲಿ ಬಾಟ್ ಬಿಟ್ಟು ಬೆಲೆ ಏರಿಸುವ ಯೋಚನೆ ಬಂದರೆ, 2000ದ ಮೇ ತಿಂಗಳಲ್ಲಿ ಇ-ಬೇಯಲ್ಲಿ ಒಂದು ವರ್ಣಚಿತ್ರಕ್ಕೆ 1,35,805 ಡಾಲರ್ ಕೂಗು ಬಂದ ಪ್ರಕರಣ ಓದಿ. ಅದರ ಹಿಂದಿನ ನಕಲಿ ಕೂಗುಗಳು ಬಯಲಾಗಿ, ಮಾರಿದಾತ ವಕೀಲನಾಗಿದ್ದೂ ತಪ್ಪೊಪ್ಪಿಕೊಳ್ಳಬೇಕಾಯಿತು. ಕೊಳ್ಳುವವರ ಕಡೆಯಿಂದ ಹೇಳುವುದಾದರೆ, ನಕಲಿ ಕೂಗನ್ನು ಪತ್ತೆ ಹಚ್ಚುವ ಬಾಟ್ ಬರೆಯುವುದು ಕಷ್ಟದ ಕೆಲಸ. ಎರಡನೇ ಸೂತ್ರದ ಗರಿಷ್ಠ ಬೆಲೆಗೆ ಅಂಟಿಕೊಂಡರೆ ಅಷ್ಟರ ಮಟ್ಟಿಗೆ ಬಚಾವು.

ಇನ್ನು ಒಳಒಪ್ಪಂದ. ನಾಲ್ಕು ಜನ ಖರೀದಿದಾರರು ಚಹಾ ಅಂಗಡಿಯಲ್ಲಿ ಕೂತು ‘ಈ ಲಾಟ್ ನಿನಗೆ, ಆ ಲಾಟ್ ನನಗೆ’ ಎಂದು ಹಂಚಿಕೊಳ್ಳುವುದನ್ನು ನಮ್ಮ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ. ಅದೇ ಮಾತುಕತೆಯನ್ನು ನಾಲ್ಕು ಬಾಟ್‌ಗಳ ಸೆಟ್ಟಿಂಗ್‌ನಲ್ಲಿ ಅಡಗಿಸಿಟ್ಟರೂ ಅಷ್ಟೇ. ಅಮೆಜಾನಿನಲ್ಲಿ ಪೋಸ್ಟರ್ ಮಾರುತ್ತಿದ್ದ ವ್ಯಾಪಾರಿಗಳು ಬೆಲೆ ಕಟ್ಟುವ ಪ್ರೋಗ್ರಾಂಗಳನ್ನು ಪರಸ್ಪರ ಹೊಂದಿಸಿಕೊಂಡಿದ್ದಕ್ಕೆ ಅಮೆರಿಕದ ನ್ಯಾಯ ಇಲಾಖೆ 2015ರಲ್ಲಿ ಕ್ರಿಮಿನಲ್ ಮೊಕದ್ದಮೆ ಹೂಡಿತು. ಆರೋಪಿಯ ಸ್ಥಾನದಲ್ಲಿ ನಿಂತದ್ದು ಪ್ರೋಗ್ರಾಂ ಅಲ್ಲ, ಅದನ್ನು ಹೊಂದಿಸಿದ ವ್ಯಾಪಾರಿ.